ಕಬ್ಬಿನ ರಸ್ತೆಗೆ ಎಷ್ಟು ದಪ್ಪ ಡಾಂಬರು ಬೇಕು?



ಹಂಗಾಮು ಸುರುವಾಗುವ ಮುಂಚೆ ಊರೂರಲ್ಲಿ ಸೇರುವ ಸಭೆಗಳಲ್ಲಿ ಕಬ್ಬಿನ ದರದ ಮಾತು ಮುಗಿದ ಕೂಡಲೆ ಬರುವ ಮಾತು ರಸ್ತೆಯದು. "ಹೋದ ವರ್ಷವಷ್ಟೇ ಡಾಂಬರು ಹಾಕಿದ್ದರು, ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು" ಎಂದು ಒಬ್ಬರು ಹೇಳುತ್ತಾರೆ. "ಡಾಂಬರು ಕಡಿಮೆ ಹಾಕಿದ್ದಾರೆ" ಎಂದು ಇನ್ನೊಬ್ಬರು, "ಗುತ್ತೇದಾರ ತಿಂದುಬಿಟ್ಟ" ಎಂದು ಮತ್ತೊಬ್ಬರು. ಈ ಮಾತು ಕೆಲವು ಕಡೆ ನಿಜವಿರಬಹುದು, ಕೆಲವು ಕಡೆ ಇರಲಿಕ್ಕಿಲ್ಲ. ಆದರೆ ಆ ರಸ್ತೆಗೆ ನಿಜವಾಗಿ ಎಷ್ಟು ದಪ್ಪದ ಪದರ ಬೇಕಾಗಿತ್ತು, ಅದನ್ನು ಯಾವ ಲೆಕ್ಕದಿಂದ ಗೊತ್ತುಮಾಡಿದರು ಎಂದು ಕೇಳುವವರು ಮಾತ್ರ ಅಪರೂಪ. ಲೆಕ್ಕವೇ ತಪ್ಪಿದ್ದರೆ ಗುತ್ತೇದಾರ ಎಷ್ಟೇ ಪ್ರಾಮಾಣಿಕನಾದರೂ ರಸ್ತೆ ಉಳಿಯುವುದಿಲ್ಲ.

ರಸ್ತೆಯ ಸಂಗತಿ ನಮ್ಮ ಹೊಲದ ಸಂಗತಿಯೂ ಹೌದು. ಕಡಿದ ಕಬ್ಬು 24 ತಾಸಿನೊಳಗೆ ನುರಿದರೆ ಲಾಭ. ತಡವಾದಷ್ಟೂ ಕಬ್ಬು ಒಣಗಿ ಕಾಟಾದ ಮೇಲೆ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆದು ಇಳುವರಿ ಕಡಿಮೆಯಾಗುತ್ತದೆ. ಮೊದಲನೆಯ ನಷ್ಟ ಬೆಳೆಗಾರನದು, ಎರಡನೆಯದು ಎಲ್ಲ ಸಭಾಸದರದು. ತಗ್ಗಿಗೆ ಬಿದ್ದು ಟ್ರಾಲಿ ಮಗುಚಿದರೆ ಕಬ್ಬು ಕಡಿಯುವ ಟೋಳಿಯ ಒಂದು ದಿನದ ಕೂಲಿ, ಟ್ರ್ಯಾಕ್ಟರ್ ಮಾಲೀಕನ ಅಚ್ಚು, ಕೆಲವು ಸಲ ಮನುಷ್ಯರ ಜೀವ ಕೂಡ ಹೋಗುತ್ತದೆ. ಆದುದರಿಂದ ಸವೆದ ಡಾಂಬರು ರಸ್ತೆಯ ಮೇಲೆ ಹೊಸ ಪದರ ಹಾಕಿ ಅದನ್ನು ಬಲಪಡಿಸುವ ಕ್ರಮವನ್ನು, ಅಂದರೆ ಎಂಜಿನಿಯರರು 'ಓವರ್‌ಲೇ' ಎಂದು ಕರೆಯುವ ಕೆಲಸವನ್ನು, ಈ ಸಂಚಿಕೆಯಲ್ಲಿ ಸರಳವಾಗಿ ವಿವರಿಸಲಾಗಿದೆ.

ಕರಿ ಪದರದ ಕೆಳಗೆ ಏನಿದೆ?

ಡಾಂಬರು ರಸ್ತೆ ಎಂದರೆ ಕಣ್ಣಿಗೆ ಕಾಣುವ ಕರಿ ಪದರ ಅಷ್ಟೇ ಅಲ್ಲ. ಅದರ ಕೆಳಗೆ ಖಡಿಯ ಪದರ, ಅದರ ಕೆಳಗೆ ಮುರುಮ, ಎಲ್ಲಕ್ಕೂ ಕೆಳಗೆ ನೆಲದ ಮಣ್ಣು. ಗಾಡಿಯ ಭಾರವನ್ನು ಕೊನೆಗೆ ಹೊರುವುದು ಆ ಮಣ್ಣೇ. ಮೇಲಿನ ಪದರಗಳ ಕೆಲಸ ಭಾರವನ್ನು ಹರಡುವುದು.

ಇದು ನಮಗೆ ಹೊಸದೇನಲ್ಲ. ಗಾಲಿ ಕೆಸರಿನಲ್ಲಿ ಹೂತಾಗ ಅದರ ಕೆಳಗೆ ಹಲಗೆ ಕೊಡುತ್ತೇವೆ. ಹಲಗೆಯಿಂದ ಗಾಡಿಯ ಭಾರ ಕಡಿಮೆಯಾಗುವುದಿಲ್ಲ. ಆದರೆ ಅದು ಹೆಚ್ಚು ಜಾಗಕ್ಕೆ ಹರಡುವುದರಿಂದ ಕೆಸರು ತಡೆದುಕೊಳ್ಳುತ್ತದೆ. ಹಲಗೆ ತೆಳ್ಳಗಿದ್ದರೆ ಬಾಗಿ ಮುರಿಯುತ್ತದೆ. ರಸ್ತೆಯೂ ಹಾಗೆಯೇ. ಕೆಳಗಿನ ನೆಲ ಮೆತ್ತಗಿದ್ದಷ್ಟೂ ಮೇಲಿನ ಹಲಗೆ ದಪ್ಪವಿರಬೇಕು.

ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢ ಭಾಗದ ಬಹಳಷ್ಟು ನೆಲ ಎರೆ ಭೂಮಿ. ಬೆಳೆಗೆ ಎಷ್ಟು ಉತ್ತಮವೋ ರಸ್ತೆಗೆ ಅಷ್ಟೇ ಕಷ್ಟದ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ನೆನೆದರೆ ಹಿಟ್ಟಿನಂತೆ ಮೆತ್ತಗಾಗುತ್ತದೆ. ಮಣ್ಣಿನ ಬಲವನ್ನು ಅಳೆಯಲು ಸಿ.ಬಿ.ಆರ್. ಎಂಬ ಪರೀಕ್ಷೆ ಇದೆ. ಮಣ್ಣನ್ನು ಅಚ್ಚಿನಲ್ಲಿ ಬಡಿದು, ನಾಲ್ಕು ದಿನ ನೀರಲ್ಲಿ ನೆನೆಸಿ, ಅದರೊಳಗೆ ಉಕ್ಕಿನ ಗೂಟವನ್ನು ಒತ್ತಿ ನೋಡುತ್ತಾರೆ. ಒಡೆದ ಒಳ್ಳೆಯ ಖಡಿಯ ಬಲವನ್ನು 100 ಎಂದು ಹಿಡಿದರೆ ನೆನೆದ ಎರೆ ಮಣ್ಣಿನ ಬಲ ಸಾಮಾನ್ಯವಾಗಿ 2 ರಿಂದ 4 ಮಾತ್ರ. ಅದೇ ಮಣ್ಣು ಒಣಗಿದಾಗ ಕಲ್ಲಿನಂತಿರುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

1980ರಲ್ಲಿ ಉಜನಿ ಅಣೆಕಟ್ಟು ಪೂರ್ಣವಾದ ಮೇಲೆ ಜಿಲ್ಲೆಯ ದೊಡ್ಡ ಭಾಗಕ್ಕೆ ಕಾಲುವೆ ನೀರು ಬಂತು, ಕಬ್ಬು ಹೆಚ್ಚಿತು. ಅದರಿಂದ ರಸ್ತೆಯ ಮೇಲೆ ಎರಡು ಭಾರ ಒಟ್ಟಿಗೆ ಬಿದ್ದವು. ಮೇಲಿನಿಂದ ಕಬ್ಬಿನ ಭಾರ, ಕೆಳಗಿನಿಂದ ನೀರು. ಮೊದಲು ಮಳೆಗಾಲದಲ್ಲಿ ಮಾತ್ರ ನೆನೆಯುತ್ತಿದ್ದ ರಸ್ತೆಯ ತಳ, ಪಕ್ಕದ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುವುದರಿಂದ, ಅನೇಕ ಕಡೆ ವರ್ಷವೆಲ್ಲ ಹಸಿಯಾಗಿಯೇ ಇರುತ್ತದೆ.

ಸವೆಯುವುದು ಬೇರೆ, ಸೋಲುವುದು ಬೇರೆ

ರಸ್ತೆ ಎರಡು ರೀತಿಯಿಂದ ಹಾಳಾಗುತ್ತದೆ. ಬಿಸಿಲು ಗಾಳಿಗೆ ಡಾಂಬರು ಒಣಗಿ, ಖಡಿಯ ಹರಳು ಒಂದೊಂದಾಗಿ ಎದ್ದು ಮೇಲ್ಮೈ ಒರಟಾಗುವುದು ಮೊದಲನೆಯದು. ಇದು ಸವೆತ. ಬುಡ ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಸವೆದಿದ್ದರೆ 20 ಮಿ.ಮೀ. ಕಾರ್ಪೆಟ್ ಹಾಕಿ ಮೇಲೆ ಸೀಲ್ ಕೋಟ್ ಕೊಟ್ಟರೆ ಸಾಕು. ಅಂಗಿ ಹರಿದಾಗ ಅಂಗಿ ಬದಲಿಸಿದಂತೆ.

ಎರಡನೆಯದು ಸೋಲು. ಭಾರದ ಗಾಡಿ ಹೋದಾಗಲೆಲ್ಲ ರಸ್ತೆ ಕೂದಲೆಳೆಯಷ್ಟು ತಗ್ಗಿ ಮತ್ತೆ ಏಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಕೊನೆಗೆ ಮುರಿಯುವಂತೆ, ಲಕ್ಷಾಂತರ ಸಲ ಬಾಗಿದ ಡಾಂಬರು ಪದರ ದಣಿದು ಬಿರುಕು ಬಿಡುತ್ತದೆ. ಗಾಲಿ ಹರಿಯುವ ಜಾಡಿನಲ್ಲಿ ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ಚೌಕದ ಬಿರುಕು ಕಂಡರೆ, ಅಥವಾ ಉದ್ದಕ್ಕೆ ತಗ್ಗಿನ ಗೆರೆ ಬಿದ್ದು ಅದರಲ್ಲಿ ನೀರು ನಿಂತರೆ, ರಸ್ತೆ ಸೋತಿದೆ ಎಂದು ತಿಳಿಯಬೇಕು. ಇಂಥ ರಸ್ತೆಗೆ 20 ಮಿ.ಮೀ. ಕಾರ್ಪೆಟ್ ಹಾಕುವುದು ಮುರಿದ ಕಾಲಿಗೆ ಬಣ್ಣದ ಬಟ್ಟೆ ಸುತ್ತಿದಂತೆ. ತೆಳು ಕಾರ್ಪೆಟ್ ರಸ್ತೆಯ ಬಲಕ್ಕೆ ಏನನ್ನೂ ಸೇರಿಸುವುದಿಲ್ಲವೆಂದೇ ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಹಾಕಿದ ದಿನ ಅಂದವಾಗಿ ಕಾಣುತ್ತದೆ, ಬುಡ ಮೊದಲಿನಂತೆಯೇ ಬಾಗುತ್ತಿರುವುದರಿಂದ ಹೊಸ ಪದರ ಬೇಗನೆ ಒಡೆಯುತ್ತದೆ. "ಒಂದೇ ಮಳೆಗಾಲಕ್ಕೆ ಹೋಯಿತು" ಎನ್ನುವ ಅನೇಕ ರಸ್ತೆಗಳ ಕತೆ ಇದೇ ಆಗಿರುತ್ತದೆ.

ಆದುದರಿಂದ ಓವರ್‌ಲೇಯ ದಪ್ಪವನ್ನು ರಸ್ತೆಯ ಮುಖ ನೋಡಿ ಹೇಳಲಾಗದು. ಭಾರ ಬಿದ್ದಾಗ ಅದು ಎಷ್ಟು ಬಾಗುತ್ತದೆ ಎಂಬುದನ್ನು ಅಳೆದೇ ಹೇಳಬೇಕು.

ಬಾಗನ್ನು ಅಳೆಯುವ ತೊಲೆ

ಇದನ್ನು ಅಳೆಯುವ ಸರಳ ಉಪಕರಣವನ್ನು 1950ರ ದಶಕದಲ್ಲಿ ಅಮೇರಿಕದ ರಸ್ತೆ ಎಂಜಿನಿಯರ್ ಎ. ಸಿ. ಬೆಂಕೆಲ್ಮನ್ ರೂಪಿಸಿದರು. ಐಡಾಹೋ ಸಂಸ್ಥಾನದ ಮಲಾಡ್ ಎಂಬಲ್ಲಿ ಆಗ ರಸ್ತೆಗಳ ದೊಡ್ಡ ಪ್ರಯೋಗವೊಂದು ನಡೆದಿತ್ತು. ಅವರ ಹೆಸರಿನಿಂದಲೇ ಅದಕ್ಕೆ ಬೆಂಕೆಲ್ಮನ್ ಬೀಮ್ ಎನ್ನುತ್ತಾರೆ. ನಮ್ಮ ದೇಶದಲ್ಲಿ 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐ.ಆರ್.ಸಿ., ಈ ತೊಲೆಯಿಂದ ಓವರ್‌ಲೇ ಲೆಕ್ಕ ಮಾಡುವ ಮಾರ್ಗಸೂಚಿಯನ್ನು 1981ರಲ್ಲಿ ಪ್ರಕಟಿಸಿ 1997ರಲ್ಲಿ ಪರಿಷ್ಕರಿಸಿತು. ಅದರ ಸಂಖ್ಯೆ ಐ.ಆರ್.ಸಿ. 81.

ಅಳತೆಯ ಕ್ರಮ ಹೀಗಿದೆ. ಹಿಂದಿನ ಅಚ್ಚಿನ ಮೇಲೆ ಸರಿಯಾಗಿ 8170 ಕಿ.ಗ್ರಾಂ. ಭಾರ ಬೀಳುವಂತೆ ಒಂದು ಟ್ರಕ್ಕಿಗೆ ಹೇರು ತುಂಬುತ್ತಾರೆ. ಹಿಂದಿನ ಗಾಲಿಗಳು ಜೋಡಿ ಟೈರಿನವು ಇರಬೇಕು, ಗಾಳಿಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 5.6 ಕಿ.ಗ್ರಾಂ. ಇರಬೇಕು. ಜೋಡಿ ಟೈರುಗಳ ನಡುವಿನ ಸಂದಿಯಲ್ಲಿ ತೊಲೆಯ ಚೂಪು ತುದಿಯನ್ನು ತೂರಿಸಿ ರಸ್ತೆಗೆ ತಾಗಿಸುತ್ತಾರೆ. ತೊಲೆ ತಕ್ಕಡಿಯ ದಂಡದಂತೆ ನಡುವೆ ಒಂದು ಕೀಲಿನ ಮೇಲೆ ನಿಂತಿರುತ್ತದೆ. ಕೀಲಿನಿಂದ ಮುಂದಿನ ತುದಿಗೆ 2.44 ಮೀಟರ್, ಹಿಂದಿನ ತುದಿಗೆ 1.22 ಮೀಟರ್. ಹಿಂದಿನ ತುದಿಯಲ್ಲಿ ಗಡಿಯಾರದಂಥ ಡಯಲ್ ಗೇಜ್ ಇದ್ದು, ಅದು ಮಿಲಿಮೀಟರಿನ ನೂರನೆಯ ಭಾಗವನ್ನೂ ತೋರಿಸುತ್ತದೆ.

ಮೊದಲು ಡಯಲ್ ಓದಿ ಬರೆದುಕೊಂಡು, ಟ್ರಕ್ಕನ್ನು ನಿಧಾನವಾಗಿ 2.7 ಮೀಟರ್ ಮುಂದೆ ಬಿಟ್ಟು ಮತ್ತೊಮ್ಮೆ, ಅಲ್ಲಿಂದ ಇನ್ನೂ 9 ಮೀಟರ್ ಬಿಟ್ಟು ಮಗುದೊಮ್ಮೆ ಓದುತ್ತಾರೆ. ಭಾರ ದೂರ ಸರಿದಂತೆ ತಗ್ಗಿದ್ದ ರಸ್ತೆ ಮೇಲೇಳುತ್ತದೆ. ಮೊದಲಿನ ಮತ್ತು ಕೊನೆಯ ಅಂಕಿಗಳ ಅಂತರವನ್ನು ಎರಡರಿಂದ ಗುಣಿಸಿದರೆ ಆ ಜಾಗದ ಬಾಗು ಸಿಕ್ಕಿತು. ತೊಲೆಯ ಮುಂದಿನ ತೋಳು ಹಿಂದಿನದಕ್ಕಿಂತ ಎರಡು ಪಟ್ಟು ಉದ್ದವಿರುವುದರಿಂದ ಎರಡರಿಂದ ಗುಣಿಸುವುದು. ಕಿರಿದಾದ ರಸ್ತೆಯಲ್ಲಿ ಅಂಚಿನಿಂದ 60 ಸೆಂ.ಮೀ. ಒಳಗೆ ಅಳೆಯುತ್ತಾರೆ, ಏಕೆಂದರೆ ಭಾರದ ಗಾಲಿ ಹರಿಯುವುದು ಅಲ್ಲಿಯೇ. ಒಂದೇ ಸ್ಥಿತಿಯಲ್ಲಿರುವ ರಸ್ತೆಯ ತುಂಡಿಗೆ ಕನಿಷ್ಠ 10 ಕಡೆಯಾದರೂ ಅಳೆಯಬೇಕು.

ಈಚೆಗೆ ದೊಡ್ಡ ರಸ್ತೆಗಳಿಗೆ ಬೇರೊಂದು ಯಂತ್ರ ಬಳಕೆಗೆ ಬಂದಿದೆ. 30 ಸೆಂ.ಮೀ. ಅಗಲದ ತಟ್ಟೆಯ ಮೇಲೆ ಒಂದು ತೂಕವನ್ನು ಮೇಲಿಂದ ಬೀಳಿಸಿ, ಸುತ್ತಲಿನ ರಸ್ತೆ ಬೋಗುಣಿಯ ಆಕಾರದಲ್ಲಿ ಹೇಗೆ ತಗ್ಗಿತು ಎಂಬುದನ್ನು ಹಲವು ಕಡೆ ಒಮ್ಮೆಗೇ ಅಳೆಯುತ್ತದೆ. ಆ ಆಕಾರದಿಂದ ಡಾಂಬರು, ಖಡಿ, ಮಣ್ಣು ಇವುಗಳಲ್ಲಿ ಯಾವುದು ಸೋತಿದೆ ಎಂಬುದನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಬಹುದು. 2014ರ ಐ.ಆರ್.ಸಿ. 115 ಈ ಪದ್ಧತಿಯದು. ಯಂತ್ರ ಯಾವುದಾದರೂ ವಿಚಾರ ಒಂದೇ: ಭಾರ ಇಟ್ಟು ಬಾಗು ನೋಡುವುದು.

ಒಂದು ಲೆಕ್ಕ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ತಿಳಿಯಲೆಂದು ಹಿಡಿದವು, ಯಾವುದೇ ಒಂದು ರಸ್ತೆಯವಲ್ಲ.

ಎರೆ ಭೂಮಿಯಲ್ಲಿ ಹೋಗುವ ಒಂದು ರಸ್ತೆಯ 10 ಕಡೆ ಜನವರಿ ತಿಂಗಳಲ್ಲಿ ಅಳೆದಾಗ ಬಂದ ಬಾಗು, ಮಿ.ಮೀ.ಗಳಲ್ಲಿ: 1.32, 1.38, 1.42, 1.46, 1.48, 1.50, 1.54, 1.58, 1.62, 1.70. ಸರಾಸರಿ 1.50. ಆದರೆ ಸರಾಸರಿ ಹಿಡಿದು ದಪ್ಪ ಗೊತ್ತುಮಾಡಿದರೆ ರಸ್ತೆಯ ಅರ್ಧ ಭಾಗ ಅದಕ್ಕಿಂತ ದುರ್ಬಲವಾಗಿರುತ್ತದೆ. ಆದುದರಿಂದ ಅಂಕಿಗಳ ಏರುಪೇರನ್ನು ತೋರಿಸುವ ಮಾನಕ ವಿಚಲನೆ ಎಂಬುದನ್ನು ಸರಾಸರಿಗೆ ಕೂಡಿಸುತ್ತಾರೆ. ಇಲ್ಲಿ ಅದು 0.11. ಒಟ್ಟು 1.61 ಮಿ.ಮೀ. ರಾಜ್ಯ ಹೆದ್ದಾರಿಯಂಥ ಮಹತ್ವದ ರಸ್ತೆಗಾದರೆ ಅದನ್ನು ಎರಡು ಸಲ ಕೂಡಿಸಬೇಕೆಂದು 1997ರ ಮಾರ್ಗಸೂಚಿ ಹೇಳುತ್ತದೆ.

ಮುಂದೆ ಎರಡು ತಿದ್ದುಪಡಿಗಳು. ಡಾಂಬರು ಬಿಸಿಯಾದಾಗ ಮೆತ್ತಗಾಗಿ ಹೆಚ್ಚು ಬಾಗುತ್ತದೆ. ಎಲ್ಲ ಅಳತೆಗಳನ್ನೂ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತರಬೇಕು. ರಸ್ತೆಯಲ್ಲಿ 45 ಮಿ.ಮೀ. ಆಳದ ಸಣ್ಣ ತೂತು ಕೊರೆದು, ಗ್ಲಿಸರಾಲ್ ತುಂಬಿ, ಅದರಲ್ಲಿ ಥರ್ಮಾಮೀಟರ್ ಇಟ್ಟು ಉಷ್ಣತೆ ನೋಡುತ್ತಾರೆ. ಪ್ರತಿ ಡಿಗ್ರಿಗೆ 0.01 ಮಿ.ಮೀ. ತಿದ್ದುಪಡಿ. ನಮ್ಮ ಉದಾಹರಣೆಯ ರಸ್ತೆಯಲ್ಲಿ ಹಳೆಯ ಡಾಂಬರು 5 ಸೆಂ.ಮೀ. ದಪ್ಪವಿದ್ದು, ಅಳೆಯುವಾಗ 40 ಡಿಗ್ರಿ ಇತ್ತು ಎನ್ನೋಣ. 0.05 ಕಳೆದರೆ 1.56 ಉಳಿಯಿತು. ಡಾಂಬರು ಪದರ 40 ಮಿ.ಮೀ.ಗಿಂತ ತೆಳ್ಳಗಿದ್ದರೆ ಈ ತಿದ್ದುಪಡಿ ಬೇಕಾಗಿಲ್ಲ.

ಎರಡನೆಯ ತಿದ್ದುಪಡಿ ನೀರಿನದು. ನಮ್ಮ ಭಾಗದ ಮಟ್ಟಿಗೆ ಮುಖ್ಯವಾದದ್ದು ಇದೇ. ರಸ್ತೆಯ ತಳ ಅತ್ಯಂತ ದುರ್ಬಲವಾಗಿರುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಆಗಲೇ ಅಳೆಯುವುದು ಉತ್ತಮ. ಒಣ ದಿನಗಳಲ್ಲಿ ಅಳೆದರೆ ಮಣ್ಣಿನ ಮಾದರಿ ತೆಗೆದು, ಅದರ ಜಾತಿ ಮತ್ತು ಹಸಿಯನ್ನು ಪರೀಕ್ಷಿಸಿ, ಆ ಪ್ರದೇಶದ ಮಳೆಯನ್ನೂ ನೋಡಿ, ಕೋಷ್ಟಕದಿಂದ ಒಂದು ಗುಣಕವನ್ನು ತೆಗೆದು ಬಾಗನ್ನು ಗುಣಿಸಬೇಕು. ಮರಳು ಮಣ್ಣಿಗೆ ಆ ಗುಣಕ ಸಣ್ಣದು, ಜಿಗಟು ಮಣ್ಣಿಗೆ ದೊಡ್ಡದು. ಉದಾಹರಣೆಗಾಗಿ 1.5 ಎಂದು ಹಿಡಿಯೋಣ. 1.56 ಅನ್ನು 1.5ರಿಂದ ಗುಣಿಸಿದರೆ 2.34 ಮಿ.ಮೀ. ಮಳೆಗಾಲದ ಕೊನೆಗೆ ಈ ರಸ್ತೆಯ ನಿಜವಾದ ಬಾಗು ಅದು.

ಇನ್ನು ಎಷ್ಟು ಬಾಗಿದರೆ ನಡೆಯುತ್ತದೆ? ಅದು ವಾಹನಗಳ ಸಂಖ್ಯೆಯನ್ನು ಅವಲಂಬಿಸಿದೆ. ಐ.ಆರ್.ಸಿ. ಮೊದಲು ಸೂಚಿಸಿದ್ದ, ಎಂಜಿನಿಯರಿಂಗ್ ಪಠ್ಯಗಳಲ್ಲಿ ಈಗಲೂ ಕಲಿಸುವ ಸರಳ ಸೂತ್ರದಲ್ಲಿ, ದಿನಕ್ಕೆ 150 ರಿಂದ 450 ಭಾರದ ವಾಹನಗಳಿದ್ದರೆ 1.50 ಮಿ.ಮೀ., 450 ರಿಂದ 1500 ಇದ್ದರೆ 1.25, 1500 ರಿಂದ 4500 ಇದ್ದರೆ 1.00 ಮಿ.ಮೀ. ಬಾಗು ನಡೆಯುತ್ತದೆ. ರಸ್ತೆಯ ಬಾಗನ್ನು ನಡೆಯುವ ಬಾಗಿನಿಂದ ಭಾಗಿಸಿ, ಬಂದ ಸಂಖ್ಯೆಯ ಲಾಗರಿದಮ್ಮನ್ನು 550ರಿಂದ ಗುಣಿಸಿದರೆ ಬೇಕಾದ ಖಡಿ ಪದರದ ದಪ್ಪ ಮಿ.ಮೀ.ಗಳಲ್ಲಿ ಬರುತ್ತದೆ. ಖಡಿಯ ಬದಲು ಡಾಂಬರು ಮಿಶ್ರಣ ಹಾಕುವುದಾದರೆ ಅದರ ಅರ್ಧ ಸಾಕು. 1997ರ ಮಾರ್ಗಸೂಚಿಯಲ್ಲಿ ಸೂತ್ರದ ಬದಲು ನಕ್ಷೆಗಳಿವೆ, ಈಗ ಕಂಪ್ಯೂಟರಿನಿಂದಲೂ ಲೆಕ್ಕ ಮಾಡುತ್ತಾರೆ. ಆದರೆ ವಿಷಯ ತಿಳಿಯಲು ಹಳೆಯ ಸೂತ್ರವೇ ಅನುಕೂಲ.

ಈಗ ಉತ್ತರಗಳನ್ನು ನೋಡಿರಿ.

ಮೊದಲನೆಯದು. ನೀರಿನ ತಿದ್ದುಪಡಿ ಬಿಟ್ಟು, ಜನವರಿಯ 1.56 ಅನ್ನೇ ಹಿಡಿದರೆ, ದಿನಕ್ಕೆ 150 ರಿಂದ 450 ವಾಹನಗಳ ರಸ್ತೆಗೆ ಬೇಕಾದ ಖಡಿ 9 ಮಿ.ಮೀ., ಅಂದರೆ ಡಾಂಬರು ಮಿಶ್ರಣ 5 ಮಿ.ಮೀ. ಕೂಡ ಇಲ್ಲ. "ರಸ್ತೆ ಗಟ್ಟಿ ಇದೆ, ಮೇಲೊಂದು ಕಾರ್ಪೆಟ್ ಸಾಕು" ಎಂಬ ತೀರ್ಮಾನ ಬರುತ್ತದೆ.

ಎರಡನೆಯದು. ನೀರಿನ ತಿದ್ದುಪಡಿ ಸೇರಿಸಿ 2.34 ಹಿಡಿದರೆ, ಅದೇ ವಾಹನಗಳಿಗೆ ಖಡಿ 106 ಮಿ.ಮೀ. ಅಥವಾ ಡಾಂಬರು ಮಿಶ್ರಣ 53 ಮಿ.ಮೀ. ಬೇಕು.

ಮೂರನೆಯದು. ವಾಹನಗಳನ್ನು ಹಂಗಾಮಿನಲ್ಲಿ ಎಣಿಸಿದಾಗ ರಸ್ತೆ 450ರ ಮೇಲಿನ ವರ್ಗಕ್ಕೆ ಸೇರಿತು ಎನ್ನೋಣ. ಆಗ ಖಡಿ 150 ಮಿ.ಮೀ. ಅಥವಾ ಡಾಂಬರು ಮಿಶ್ರಣ 75 ಮಿ.ಮೀ. ಬೇಕಾಗುತ್ತದೆ.

ರಸ್ತೆ ಒಂದೇ, ತೊಲೆ ಒಂದೇ, ಅಳೆದ ಅಂಕಿಗಳೂ ಒಂದೇ. ಯಾವ ತಿಂಗಳ ಮಣ್ಣು, ಯಾವ ತಿಂಗಳ ವಾಹನ ಎಂಬ ಎರಡು ಮಾತುಗಳಿಂದ ಉತ್ತರ 5 ಮಿ.ಮೀ.ನಿಂದ 75 ಮಿ.ಮೀ.ಗೆ ಏರಿತು. ಜೂನ್ ತಿಂಗಳಲ್ಲಿ ವಾಹನ ಎಣಿಸಿ, ಜನವರಿಯಲ್ಲಿ ಬಾಗು ಅಳೆದು, ಯಾವ ತಿದ್ದುಪಡಿಯನ್ನೂ ಮಾಡದೆ ಅಂದಾಜುಪತ್ರಿಕೆ ಬರೆದರೆ ಆ ರಸ್ತೆ ಕಾಗದದ ಮೇಲೆಯೇ ಸೋತಂತೆ. ಹಳ್ಳಿ ರಸ್ತೆಗಳಿಗಾಗಿ ಇರುವ ಐ.ಆರ್.ಸಿ. ಎಸ್.ಪಿ. 72 ಎಂಬ ಮಾರ್ಗಸೂಚಿಯು ಸುಗ್ಗಿಯ ಕಾಲದಲ್ಲಿ ವಾಹನಗಳು ಹೆಚ್ಚುವುದನ್ನು ಲೆಕ್ಕದಲ್ಲಿ ಹಿಡಿಯಲೇಬೇಕೆಂದು ಹೇಳುತ್ತದೆ. ಕಬ್ಬಿನ ಪ್ರದೇಶದಲ್ಲಿ ಸುಗ್ಗಿ ಎಂದರೆ ತಿಂಗಳುಗಟ್ಟಲೆ ನಡೆಯುವ ಹಂಗಾಮು.

ಒಂದು ಟನ್ ಹೆಚ್ಚಾದರೆ ಏನಾಯಿತು?

ಇಲ್ಲಿಯವರೆಗೆ ಇಲಾಖೆಯ ಲೆಕ್ಕ ಹೇಳಿದೆವು. ಈಗ ನಮ್ಮ ಲೆಕ್ಕವನ್ನೂ ಹೇಳಬೇಕು.

ಅಮೇರಿಕದ ಇಲಿನಾಯ್ ಸಂಸ್ಥಾನದ ಒಟಾವಾ ಊರಿನ ಹತ್ತಿರ 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ರಸ್ತೆಗಳ ಒಂದು ಪ್ರಯೋಗ ನಡೆಯಿತು. ಬೇರೆಬೇರೆ ದಪ್ಪದ ರಸ್ತೆಗಳನ್ನು ಸುತ್ತು ಸುತ್ತಾಗಿ ಕಟ್ಟಿ, ಬೇರೆಬೇರೆ ಭಾರದ ಟ್ರಕ್ಕುಗಳನ್ನು ಎರಡು ವರ್ಷ ಓಡಿಸಿದರು. ಆ ಕಾಲದಲ್ಲಿ ರಸ್ತೆಗಳ ಮೇಲೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಸಲ ಅಚ್ಚಿನ ಭಾರ ಹರಿಯಿತು. ಅದರಿಂದ ತಿಳಿದ ಮುಖ್ಯ ಸಂಗತಿ ಎಂದರೆ, ಅಚ್ಚಿನ ಭಾರ ಹೆಚ್ಚಿದಾಗ ರಸ್ತೆಗೆ ಆಗುವ ಹಾನಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಹೆಚ್ಚು ಕಡಿಮೆ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ. ಎರಡನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ ಬರುವ ಹದಿನಾರು ಪಟ್ಟು.

ಜೋಡಿ ಟೈರಿನ ಅಚ್ಚಿಗೆ ಸುಮಾರು 8.16 ಟನ್ ಭಾರವನ್ನು 'ಒಂದು' ಎಂದು ಎಣಿಸುತ್ತಾರೆ. ಟ್ರಾಲಿಗಳಲ್ಲಿ ಸಾಮಾನ್ಯವಾಗಿರುವ ಒಂಟಿ ಟೈರಿನ ಅಚ್ಚು ಭಾರವನ್ನು ಕಡಿಮೆ ಜಾಗದ ಮೇಲೆ ಒತ್ತುವುದರಿಂದ ಅದಕ್ಕೆ ಸುಮಾರು 6.6 ಟನ್ನಿಗೇ 'ಒಂದು' ಆಗುತ್ತದೆ. ಈಗ ಒಂಟಿ ಟೈರಿನ ಒಂದು ಅಚ್ಚಿನ ಮೇಲೆ 6.6 ಟನ್ ಬದಲು 8.8 ಟನ್ ಹೇರಿದೆವು ಎನ್ನಿ. ಭಾರ ಹೆಚ್ಚಿದ್ದು ಮೂರನೆಯ ಒಂದು ಭಾಗ. ಹಾನಿ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು, ಲೆಕ್ಕದಲ್ಲಿ 3.16.

ಇದನ್ನು ಖೇಪುಗಳಲ್ಲಿ ನೋಡೋಣ. ಅಚ್ಚಿಗೆ 6.6 ಟನ್ನಿನಂತೆ ನಾಲ್ಕು ಖೇಪು ಹೊಡೆದರೆ ರಸ್ತೆಯ ಖಾತೆಯಲ್ಲಿ ಬೀಳುವ ಹಾನಿ 4. ಅದೇ ಭಾರವನ್ನು 8.8 ಟನ್ನಿನಂತೆ ಮೂರೇ ಖೇಪಿನಲ್ಲಿ ಮುಗಿಸಿದರೆ ಹಾನಿ ಒಂಬತ್ತೂವರೆ. ಒಂದು ಖೇಪಿನ ಡೀಸೆಲ್ ಉಳಿಯಿತು, ರಸ್ತೆಯ ಆಯುಷ್ಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದೇ ರಸ್ತೆ ಕೆಟ್ಟ ಮೇಲೆ ಮುಂದಿನ ಖೇಪುಗಳಿಗೆಲ್ಲ ಡೀಸೆಲ್ ಹೆಚ್ಚು, ಟೈರು ಹೆಚ್ಚು, ತಾಸು ಹೆಚ್ಚು. ಉಳಿಸಿದ್ದನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಕಬ್ಬಿಣದ ಪಟ್ಟಿಯ ಚಕ್ಕಡಿಯ ಒಟ್ಟು ಭಾರ ಕಡಿಮೆಯೇ. ಆದರೆ ಅದೆಲ್ಲವೂ ಎರಡು ಬೆರಳಗಲದ ಪಟ್ಟಿಯ ಮೇಲೆ ಬೀಳುವುದರಿಂದ ಡಾಂಬರಿನ ಅಂಚನ್ನು ಅದು ಕೊಡಲಿಯಂತೆ ಕಡಿಯುತ್ತದೆ. ಟಾಯರ್ ಗಾಡಿಗಳು ಬಂದ ಕಡೆ ಈ ತೊಂದರೆ ಕಡಿಮೆಯಾಗಿದೆ. ಟ್ರ್ಯಾಕ್ಟರುಗಳ ವಿಷಯದಲ್ಲಿ ಇನ್ನೊಂದು ಮಾತು. ನಿಧಾನವಾಗಿ ಹೋಗುವ ಭಾರ ರಸ್ತೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಡಾಂಬರು ಅಷ್ಟೂ ಹೊತ್ತು ಒತ್ತಿಕೊಳ್ಳುತ್ತಿರುತ್ತದೆ. ಕಾರ್ಖಾನೆಯ ಹತ್ತಿರ ಸಾಲುಗಟ್ಟಿ ನಿಲ್ಲುವ ಜಾಗದಲ್ಲಿ ರಸ್ತೆ ಮೊದಲು ತಗ್ಗಾಗುವುದಕ್ಕೆ ಇದೂ ಒಂದು ಕಾರಣ.

ಹಾಕುವ ಮುಂಚೆ, ಹಾಕುವಾಗ

ದಪ್ಪದ ಲೆಕ್ಕ ಸರಿಯಾಗಿದ್ದರೂ ಹಾಕುವ ಕ್ರಮ ತಪ್ಪಿದರೆ ಫಲವಿಲ್ಲ. ಊರವರು ನಿಂತು ನೋಡಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

ಹಳೆಯ ರಸ್ತೆಯ ತಗ್ಗು ತುಂಬಿ, ಬಿರುಕುಗಳಿಗೆ ಡಾಂಬರು ಹೊಯ್ದು, ಏರುತಗ್ಗು ಸರಿಪಡಿಸಿದ ಮೇಲೆಯೇ ಓವರ್‌ಲೇ ಹಾಕಬೇಕು. ಇಲ್ಲದಿದ್ದರೆ ಕೆಳಗಿನ ಬಿರುಕು ಹೊಸ ಪದರದಲ್ಲಿಯೂ ಅದೇ ಜಾಗದಲ್ಲಿ ಮೂಡಿಬರುತ್ತದೆ. ಬಿರುಕಿನಿಂದ ಕೆಸರು ಉಕ್ಕಿ ಬರುತ್ತಿದ್ದರೆ ಅಲ್ಲಿ ಓವರ್‌ಲೇ ಉಪಯೋಗವಿಲ್ಲ. ಆ ತುಂಡನ್ನು ಅಗೆದು, ಮಣ್ಣು ತೆಗೆದು, ಮುರುಮ ಖಡಿಯಿಂದ ಮತ್ತೆ ಕಟ್ಟಬೇಕು.

ಹಳೆಯ ಮೈಯನ್ನು ಧೂಳಿಲ್ಲದಂತೆ ಗುಡಿಸಿ, ಹೊಸ ಪದರ ಅಂಟಿಕೊಳ್ಳುವಂತೆ ತೆಳುವಾದ ಡಾಂಬರು ಲೇಪ ಕೊಡಬೇಕು. ಇದಕ್ಕೆ ಟ್ಯಾಕ್ ಕೋಟ್ ಎನ್ನುತ್ತಾರೆ. ಹಳೆಯ ಡಾಂಬರಿನ ಮೇಲೆ ಚದರ ಮೀಟರಿಗೆ 0.2 ರಿಂದ 0.3 ಕಿ.ಗ್ರಾಂ. ಎಮಲ್ಶನ್ ಸಾಕು. ಧೂಳಿನ ಮೇಲೆ ಹಾಕಿದ ಪದರ ಹಪ್ಪಳದಂತೆ ಏಳುತ್ತದೆ.

ಮಿಶ್ರಣ ಬಿಸಿಯಾಗಿ ಬರಬೇಕು. ಈಗ ಸಾಮಾನ್ಯವಾಗಿ ಬಳಸುವ ವಿ.ಜಿ. 30 ದರ್ಜೆಯ ಡಾಂಬರಿನ ಮಿಶ್ರಣವನ್ನು ಹರಡುವಾಗ 140 ಡಿಗ್ರಿಗೆ ಕಡಿಮೆ ಇರಬಾರದು, 90 ಡಿಗ್ರಿಗೆ ಇಳಿಯುವ ಮುಂಚೆ ರೋಲರ್ ಕೆಲಸ ಮುಗಿದಿರಬೇಕು. ದೂರದಿಂದ ಬಂದು, ಗಂಟೆಗಟ್ಟಲೆ ನಿಂತು, ಹೊಗೆ ಕೂಡ ಏಳದ ಮಿಶ್ರಣವನ್ನು ಎಷ್ಟು ಉರುಳಿಸಿದರೂ ಗಟ್ಟಿಯಾಗುವುದಿಲ್ಲ. ಅದರೊಳಗಿನ ಸಂದುಗಳಲ್ಲಿ ನೀರು ಇಳಿಯುತ್ತದೆ. ಮಳೆಯಲ್ಲಿ, ಒದ್ದೆ ರಸ್ತೆಯ ಮೇಲೆ ಈ ಕೆಲಸ ಮಾಡಲೇಕೂಡದು.

ಅಂದಾಜುಪತ್ರಿಕೆಯಲ್ಲಿ ಬರೆದ ದಪ್ಪ ರೋಲರ್ ಓಡಿದ ಮೇಲಿನ ದಪ್ಪ. ಹರಡಿದ ಸಡಿಲ ಮಿಶ್ರಣದ ದಪ್ಪ ಅದಕ್ಕಿಂತ ಹೆಚ್ಚಿರಬೇಕು. ಬಿಟುಮಿನಸ್ ಮೆಕಾಡಮ್ ಎಂಬ ಮಿಶ್ರಣ ಸಂದುಗಳುಳ್ಳದ್ದು. ಅದರ ಮೇಲೆ ನೀರು ಇಳಿಯದಂಥ ಇನ್ನೊಂದು ಪದರ ಬೇಕೇ ಬೇಕು. ಅದನ್ನು ಹಾಕದೆ ಮಳೆಗಾಲ ಕಳೆಯಲು ಬಿಟ್ಟರೆ ಹಣ ನೀರಲ್ಲಿ ಹಾಕಿದಂತೆ.

ರಸ್ತೆಯ ನಡು ಎತ್ತರ, ಅಂಚು ತಗ್ಗು ಇರಬೇಕು. 3.75 ಮೀಟರ್ ಅಗಲದ ರಸ್ತೆಯಲ್ಲಿ ನೂರಕ್ಕೆ ಎರಡೂವರೆ ಇಳಿಜಾರು ಕೊಟ್ಟರೆ ನಡು ಭಾಗ ಅಂಚಿಗಿಂತ ಸುಮಾರು 4.7 ಸೆಂ.ಮೀ. ಎತ್ತರವಾಗುತ್ತದೆ. ಒಂದು ದಾರ ಹಿಡಿದು ಯಾರು ಬೇಕಾದರೂ ನೋಡಬಹುದು. ಡಾಂಬರು ಎತ್ತರವಾದ ಮೇಲೆ ಎರಡೂ ಬದಿಯ ಮುರುಮದ ಪಟ್ಟಿಯನ್ನೂ ಅಷ್ಟೇ ಎತ್ತರಿಸಬೇಕು. ಇಲ್ಲವಾದರೆ ಎದುರಿಗೆ ಗಾಡಿ ಬಂದಾಗ ಕೆಳಗಿಳಿದ ಗಾಲಿ ಮತ್ತೆ ಹತ್ತುವಾಗ ಅಂಚನ್ನು ಒಡೆಯುತ್ತದೆ.

ಸಭಾಸದರು ಮಾಡಬೇಕಾದ್ದು

1. ರಸ್ತೆಯ ಬದಿಯ ಗಟಾರ ಮುಚ್ಚಿ ಒಂದು ಸಾಲು ಕಬ್ಬು ಹೆಚ್ಚು ಹಚ್ಚುವುದನ್ನು ಬಿಡಬೇಕು. ಹೊಲದ ಹೆಚ್ಚಿನ ನೀರು ರಸ್ತೆಯ ಬುಡಕ್ಕೆ ಹೋಗದಂತೆ ಬದು ಹಾಕಬೇಕು. ರಸ್ತೆಗೆ ಹತ್ತಿದ ಹೊಲಗಳಲ್ಲಿ ಹನಿ ನೀರಾವರಿ ಮಾಡಿದರೆ ಬೆಳೆಗೂ ಒಳ್ಳೆಯದು, ರಸ್ತೆಗೂ ಒಳ್ಳೆಯದು. ಮೇಲೆ ಲೆಕ್ಕ ಹಾಕಿದಂತೆ, 5 ಮಿ.ಮೀ. ಮತ್ತು 53 ಮಿ.ಮೀ.ಗಳ ನಡುವೆ ಇರುವ ವ್ಯತ್ಯಾಸವೆಲ್ಲ ನೀರಿನದೇ.

2. ಪೈಪ್‌ಲೈನ್ ದಾಟಿಸಲು ಹೊಸ ರಸ್ತೆಯನ್ನು ಅಗೆಯಬಾರದು. ಓವರ್‌ಲೇ ಬರುವುದು ಗೊತ್ತಾದ ಕೂಡಲೆ, ಬೇಕಾದವರು ಸೇರಿ ಇಲಾಖೆಯ ಪರವಾನಗಿ ಪಡೆದು ರಸ್ತೆಯ ಕೆಳಗೆ ದೊಡ್ಡ ಕೊಳವೆಯನ್ನು ಮೊದಲೇ ಹಾಕಿಸಿಟ್ಟುಕೊಳ್ಳಬೇಕು. ಮುಂದೆ ಪೈಪನ್ನು ಅದರೊಳಗಿಂದ ತೂರಿಸಬಹುದು.

3. ಟ್ರಾಲಿಯ ಮೇಲೆ ಅಳತೆ ಮೀರಿ ಹೇರಬಾರದು. ಟೈರು, ಅಚ್ಚು ಹೊರುತ್ತವೆ ಎಂದಮಾತ್ರಕ್ಕೆ ರಸ್ತೆ ಹೊರುತ್ತದೆ ಎಂದಲ್ಲ.

4. ರಸ್ತೆ ಯಾರದೆಂದು ತಿಳಿದುಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ರಾಜ್ಯ ಹೆದ್ದಾರಿ ಮತ್ತು ಮುಖ್ಯ ಜಿಲ್ಲಾ ರಸ್ತೆಗಳು ಸಾರ್ವಜನಿಕ ಬಾಂಧಕಾಮ ಖಾತೆಯವು, ಇತರ ಜಿಲ್ಲಾ ರಸ್ತೆ ಮತ್ತು ಗ್ರಾಮ ರಸ್ತೆಗಳು ಸಾಮಾನ್ಯವಾಗಿ ಜಿಲ್ಲಾ ಪರಿಷದಿನವು. ಹೊಲಕ್ಕೆ ಹೋಗುವ ಪಾಣಂದ ರಸ್ತೆಗಳ ವಿಚಾರ ಬೇರೆ. ಅವಕ್ಕೆ ಡಾಂಬರಿಗಿಂತ ಮೊದಲು ಮುರುಮ ಮತ್ತು ಗಟಾರ ಬೇಕು.

5. ಗ್ರಾಮಸಭೆಯಲ್ಲಿ ರಸ್ತೆಯ ಮಾತು ಬಂದಾಗ "ಡಾಂಬರು ಯಾವಾಗ ಹಾಕುತ್ತೀರಿ" ಎಂದಷ್ಟೇ ಕೇಳದೆ ಮೂರು ಪ್ರಶ್ನೆ ಕೇಳಬೇಕು. ರಸ್ತೆಯ ಬಾಗನ್ನು ಅಳೆದಿದ್ದೀರಾ? ಯಾವ ತಿಂಗಳಲ್ಲಿ ಅಳೆದಿರಿ, ನೀರಿನ ತಿದ್ದುಪಡಿ ಮಾಡಿದ್ದೀರಾ? ವಾಹನಗಳನ್ನು ಹಂಗಾಮಿನಲ್ಲಿ ಎಣಿಸಿದ್ದೀರಾ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅಂದಾಜುಪತ್ರಿಕೆಯ ಪ್ರತಿಯನ್ನು ಕೇಳಿ ಪಡೆಯಬಹುದು.

ಕೆಲವರು ಕೇಳಬಹುದು: 53 ಮಿ.ಮೀ. ಹಾಕಲು ಹಣವಿಲ್ಲ, ಇದ್ದ ಹಣದಲ್ಲಿ 20 ಮಿ.ಮೀ. ಹಾಕಿಸಿಕೊಂಡರೆ ತಪ್ಪೇನು? ಸೋತ ರಸ್ತೆಯ ಐದು ಕಿ.ಮೀ. ಉದ್ದಕ್ಕೂ ತೆಳುವಾಗಿ ಹಾಕಿಸಿ ಐದೂ ಕಿ.ಮೀ. ಕಳೆದುಕೊಳ್ಳುವುದಕ್ಕಿಂತ, ಅತ್ಯಂತ ಕೆಟ್ಟ ಎರಡು ಕಿ.ಮೀ.ಗೆ ಲೆಕ್ಕದಂತೆ ಪೂರ್ಣ ದಪ್ಪ ಹಾಕಿಸಿ, ಉಳಿದುದಕ್ಕೆ ತಗ್ಗು ತುಂಬಿ ಗಟಾರ ತೆಗೆಸುವುದು ಮೇಲು. ಮುಂದಿನ ವರ್ಷದ ಹಣ ಮುಂದಿನ ಎರಡು ಕಿ.ಮೀ.ಗೆ ಆಗುತ್ತದೆ, ಮೊದಲಿನ ಎರಡು ಕಿ.ಮೀ. ಉಳಿದಿರುತ್ತದೆ. ಎಲ್ಲ ಊರಿನ ಮುಂದೆಯೂ ಈ ವರ್ಷವೇ ಕರಿ ಬಣ್ಣ ಕಾಣಬೇಕೆಂದು ಹಟ ಹಿಡಿದರೆ ಇಲಾಖೆಯವರು ತೆಳುವಾಗಿ ಬಳಿದು ಹೋಗುತ್ತಾರೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇರುತ್ತದೆ.

ಈ ವರ್ಷ ಮಳೆ ನಿಂತ ಕೂಡಲೆ ನಿಮ್ಮ ಊರಿನ ಫಾಟಾದಿಂದ ಕಾರ್ಖಾನೆಯವರೆಗೆ ಒಮ್ಮೆ ನಡೆದು ನೋಡಿರಿ. ಮೊಸಳೆ ಚರ್ಮದ ಬಿರುಕು ಎಲ್ಲಿದೆ, ನೀರು ಎಲ್ಲಿ ನಿಂತಿದೆ, ಯಾವ ಹೊಲದ ನೀರು ರಸ್ತೆಗೆ ಬರುತ್ತದೆ ಎಂದು ಬರೆದು ಕಬ್ಬು ವಿಭಾಗದ ಕಚೇರಿಗೆ ತಲುಪಿಸಿರಿ. ಊರೂರಿನಿಂದ ಇಂಥ ಪಟ್ಟಿ ಬಂದರೆ ಸಂಬಂಧಪಟ್ಟ ಖಾತೆಯ ಮುಂದೆ ಲೆಕ್ಕ ಇಟ್ಟುಕೊಂಡೇ ಮಾತನಾಡಲು ಬರುತ್ತದೆ. ಎಲ್ಲ ಸಭಾಸದರೂ ಈ ಕೆಲಸದಲ್ಲಿ ಸಹಕರಿಸಬೇಕೆಂದು ವಿನಂತಿ.